ಚಿಲಕದ ತೂತಿನಿಂದ ಬಂದ ಸೂರ್ಯ

ಬೆಳಕಿನ ಪಾಠ ಬಂತೆಂದರೆ ನನಗೆ ಈಗ ಬೇಸರವೇ ಹೆಚ್ಚು. ತೆಲುಗು ಸೀಮೆಯ ಮಕ್ತಲ್ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಐದನೆಯ ತರಗತಿಗೆ ಅದನ್ನು ಎಷ್ಟು ವರ್ಷ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ನಾರಾಯಣಪೇಟೆಯಿಂದ ಬೆಳಿಗ್ಗೆ ಬಸ್ಸು ಹಿಡಿದು, ಅರ್ಧ ದಾರಿ ನಿಂತೇ ಹೋಗಿ, ಮೊಣಕಾಲು ಹಿಡಿದುಕೊಂಡು ಶಾಲೆಯ ಮೆಟ್ಟಿಲು ಹತ್ತಿ, ಹಾಜರಿ ಕೂಗುವಷ್ಟರಲ್ಲಿ ನನ್ನ ಉಸಿರು ಮುಗಿದಿರುತ್ತದೆ. ಆಮೇಲೆ ಕರಿಹಲಗೆಯ ಮೇಲೆ ಒಂದು ದೀಪ, ಒಂದು ಚೆಂಡು, ಒಂದು ಗೋಡೆ ಬರೆಯಬೇಕು. ನನ್ನ ಚೆಂಡು ಒಂದು ವರ್ಷವೂ ಗುಂಡಗೆ ಬಂದಿಲ್ಲ.

"ನೋಡ್ರಿ ಮಕ್ಕಳಾ, ಬೆಳಕು ಭಾಳ ಹಟಮಾರಿ. ಸೀದಾ ಹೋಗೋದೊಂದ ಅದಕ್ಕ ಗೊತ್ತಿರೋದು. ನಡುವ ನೀವು ಅಡ್ಡ ನಿಂತ್ರ, ನಿಮ್ಮನ್ನ ಸುತ್ತು ಹಾಕ್ಕೊಂಡು ಆ ಕಡಿ ಹೋಗಾಕ ಅದಕ್ಕ ಬರಂಗಿಲ್ಲ. ಅದು ಮುಟ್ಟದ ಜಾಗ ಉಳೀತೈತಲ್ಲ, ಅದ ನೆರಳು. ನೆರಳು ಅಂದ್ರ ಏನೋ ಒಂದು ವಸ್ತು ಅಲ್ಲ. ಬೆಳಕು ಬರದ ಜಾಗ, ಅಷ್ಟ."

ಆಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದು ಸಾಲಾಗಿ ನಿಲ್ಲಿಸುತ್ತೇನೆ. ಬೆಳಿಗ್ಗೆ ಸೂರ್ಯ ಕೆಳಗಿರುತ್ತಾನೆ, ಅದಕ್ಕೆ ನೆರಳು ಉದ್ದ. ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ, ನೆರಳು ಕಾಲ ಬುಡಕ್ಕೆ ಬಂದು ಕೂರುತ್ತದೆ. ಹುಡುಗರು ಒಬ್ಬರ ನೆರಳನ್ನೊಬ್ಬರು ತುಳಿದು ತೆಲುಗಿನಲ್ಲಿ ಜಗಳವಾಡುತ್ತಾರೆ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿರುತ್ತದೆ.

ಒಂದು ವರ್ಷ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು, "ಟೀಚರ್ರಿ, ಬಿಸಿಲನ್ನ ಮುಷ್ಟಿನಾಗ ಹಿಡದು ಮನಿಗೆ ಒಯ್ಯಬೌದೇನ್ರಿ?"

"ಒಯ್ಯಿ. ಮನಿಗೆ ಹೋಗಿ ಬಿಚ್ಚಿ ನೋಡು. ಏನಿತ್ತು ಅಂತ ನಾಳೆ ಹೇಳು," ಎಂದೆ. ನನಗೆ ಬಸ್ಸಿನ ಹೊತ್ತಾಗಿತ್ತು.

ಮರುದಿನ ಅವಳು ಬಂದು, "ಏನೂ ಇರಲಿಲ್ರಿ. ಬರೇ ಬೆವರಿತ್ತು," ಎಂದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಬೆಳಕು ನಿನ್ನ ಕೈಗೆ ಬಡಿದು ಅಲ್ಲಿಂದ ಪುಟಿದು ಕಣ್ಣಿಗೆ ಬರುತ್ತದೆ, ಅದಕ್ಕೇ ಕೈ ಬೆಳ್ಳಗೆ ಕಾಣುತ್ತದೆ, ಕೈ ತೆಗೆದೆಯೋ ಅದು ತನ್ನ ದಾರಿ ಹಿಡಿದು ಮುಂದೆ ಹೋಗುತ್ತದೆ, ಯಾರ ಕೈಯಲ್ಲೂ ಅದು ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಹತ್ತು ವರ್ಷದ ಹುಡುಗಿ ಅದನ್ನು ಒಂದೇ ದಿನದಲ್ಲಿ ತಿಳಿದುಕೊಂಡಳು. ನಾನು ಹೆತ್ತ ಮಗಳಿಗೆ ಇಷ್ಟನ್ನೇ ತಿಳಿಸಲಾಗದೆ ಮೂರು ವರ್ಷ ಒದ್ದಾಡಿದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಮಗಳನ್ನು ಗದ್ವಾಲಕ್ಕೆ ಕೊಟ್ಟಿದ್ದೇವೆ. ಕುಬಸದ ಶಾಸ್ತ್ರ ಮುಗಿಸಿ ಚೊಚ್ಚಲ ಹೆರಿಗೆಗೆಂದು ತವರಿಗೆ ಕರೆತಂದಿದ್ದೆವು. ಆ ವರ್ಷ ದೀಪಾವಳಿ ಅಮಾವಾಸ್ಯೆಯ ಸಂಜೆಗೇ ಸೂರ್ಯಗ್ರಹಣ ಬಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಹಿಡಿಯುವ ಗ್ರಹಣ. ನಮ್ಮ ಅತ್ತೆ, ಎಂದರೆ ನನ್ನ ಗಂಡನ ತಾಯಿ, ವಾರದ ಮೊದಲೇ ಟೀವಿ ನೋಡಿ ತಯಾರಿ ಶುರುಮಾಡಿದ್ದರು.

ಅತ್ತೆಗೆ ಆಗಲೇ ಎಂಬತ್ತು ದಾಟಿತ್ತು. ಒಂದು ಹಿಡಿ ಮೈ, ಆದರೆ ಮನೆ ನಡೆಯುವುದು ಅವರ ಬಾಯಿಂದ. "ಬಸುರಿ ಹೆಂಗಸಿನ ಮ್ಯಾಲ ಗ್ರಹಣದ ಬೆಳಕು ಒಂದ ಎಳಿ ಸೈತ ಬೀಳಬಾರದು," ಎಂದರು. ಅದಕ್ಕಾಗಿ ಹಿಂದಿನ ಕೋಣೆಯನ್ನು ಆರಿಸಿದರು. ಅದು ಹಿಂದೆ ಮಗ್ಗದ ಕೋಣೆ. ಕಾಲು ಇಳಿಬಿಡುವ ಗುಂಡಿಯನ್ನು ಮುಚ್ಚಿ ಗಚ್ಚು ಹಾಕಿಸಿ ಎಷ್ಟೋ ಕಾಲವಾಗಿದೆ, ಆದರೂ ನಾವದನ್ನು ಮಗ್ಗದ ಕೋಣೆ ಎಂದೇ ಕರೆಯುತ್ತೇವೆ. ಒಂದು ಕಿಟಕಿ, ಹಿತ್ತಲಿಗೆ ತೆರೆಯುವ ಒಂದು ಬಾಗಿಲು. ಹಿತ್ತಲಿನಾಚೆ ಬಯಲು, ಪಡುವಣ ದಿಕ್ಕು.

ಕಿಟಕಿಯ ಸಂದಿಗೆಲ್ಲ ಅತ್ತೆ ತಮ್ಮ ಹಳೆಯ ಸೀರೆಗಳನ್ನು ತುರುಕಿದರು. ಬಾಗಿಲ ಕೆಳಗಿನ ಬಿರುಕಿಗೆ ಗೋಣಿಚೀಲ ಒತ್ತಿಸಿದರು. ಮಗಳಿಗೆ ಅಪ್ಪಣೆ ಕೊಟ್ಟರು, "ಕತ್ತರಿ ಮುಟ್ಟಬ್ಯಾಡ. ಚೂರಿ ಮುಟ್ಟಬ್ಯಾಡ. ಬಟ್ಟಿ ಮಡಚಬ್ಯಾಡ. ಮೈ ತುರಸಬ್ಯಾಡ. ಅಂಗಾತ ಮಲಕ್ಕೊ, ನಾ ಕರಿಯೋ ತನಕ ಏಳಬ್ಯಾಡ." ಆಮೇಲೆ ಪಡಸಾಲೆಗೆ ಬಂದು ಹಿತ್ತಾಳೆ ತಾಟಿಗೆ ನೀರು ಹಾಕಿ ಅದರ ನಡುವೆ ಒನಕೆ ನಿಲ್ಲಿಸಿ ಕೂತರು. ಗ್ರಹಣ ಇರುವ ತನಕ ಒನಕೆ ನಿಂತಿರುತ್ತದಂತೆ, ಬಿಟ್ಟ ಕೂಡಲೇ ಬೀಳುತ್ತದಂತೆ. ಬುಡ ಸಮತಟ್ಟಾಗಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಇದನ್ನು ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಹೇಳಿ, ನಿಲ್ಲಿಸಿಯೂ ತೋರಿಸಿ, ಒಂದು ತಿಂಗಳು ಮಾತಿಲ್ಲದೆ ಕಳೆದಿದ್ದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದನ್ನು ಆಮೇಲೆ ಬಿಟ್ಟೆ.

ನಿಜ ಹೇಳಬೇಕೆಂದರೆ ಅವತ್ತು ನನಗೂ ಒಂದು ಸಣ್ಣ ಅಳುಕಿತ್ತು. ಓದಿದ್ದು ಪುಸ್ತಕದ್ದು, ಬಸುರು ಮಗಳದ್ದು. ಹೋಗಲಿ, ಎರಡು ತಾಸು ಮಲಗಿದರೆ ಅವಳಿಗೂ ವಿಶ್ರಾಂತಿ ಎಂದುಕೊಂಡು ಸುಮ್ಮನಿದ್ದೆ.

ಅತ್ತೆ ಕಣ್ಣಿಗೆ ಒಂದು ತಪ್ಪಿಹೋಗಿತ್ತು. ನಮಗೆಲ್ಲರಿಗೂ ತಪ್ಪಿತ್ತು. ಹಿತ್ತಲ ಬಾಗಿಲಿಗೆ ಮೊದಲು ಸರಪಳಿ ಚಿಲಕವಿತ್ತು. ಅದನ್ನು ಕಿತ್ತು ಬೇರೆ ಹಾಕಿಸಿದಾಗ ಹಳೆಯ ಮೊಳೆಯ ಜಾಗದಲ್ಲಿ ಜೋಳದ ಕಾಳಿನಷ್ಟು ತೂತು ಉಳಿದಿತ್ತು. ದಿನಾ ನೋಡುವ ಬಾಗಿಲು, ಯಾರ ಗಮನಕ್ಕೂ ಬಂದಿರಲಿಲ್ಲ.

ಸಂಜೆ ಇಳಿಯುವಾಗ ಅವಳು ಹೇಗಿದ್ದಾಳೋ ನೋಡೋಣವೆಂದು ಒಳಬಾಗಿಲನ್ನು ಒಂದಿಷ್ಟೇ ಸರಿಸಿ ಹೋಗಿ ಮತ್ತೆ ಮುಚ್ಚಿಕೊಂಡೆ. ಕಗ್ಗತ್ತಲೆ. ಮಂಚದಿಂದ ಪಿಸುಮಾತು ಬಂತು, "ಅವ್ವಾ, ಗ್ವಾಡಿ ನೋಡು."

ಮಂಚದ ಪಕ್ಕದ ಗೋಡೆಯ ಮೇಲೆ ಹಳೆಯ ರೂಪಾಯಿ ಬಿಲ್ಲೆಯಷ್ಟು ದೊಡ್ಡ ಕೆಂಪು ಬೆಳಕು ಬಿದ್ದಿತ್ತು. ಗುಂಡಗಿತ್ತು, ಆದರೆ ಪೂರಾ ಗುಂಡಗಲ್ಲ. ಅಂಚಿನಲ್ಲಿ ಒಂದು ಕಡೆ ಇಲಿ ಕಡಿದ ರೊಟ್ಟಿಯ ಹಾಗೆ ಸ್ವಲ್ಪ ಕಚ್ಚು ಬಿದ್ದಿತ್ತು.

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಮೈ ಜುಮ್ಮೆಂದಿತು. ಅಷ್ಟು ವರ್ಷ ಹಲಗೆಯ ಮೇಲೆ ಬರೆದು ಬರೆದು ಸೀಮೆಸುಣ್ಣದ ಧೂಳು ಕುಡಿದ ಪಾಠ ನನ್ನ ಮನೆಯ ಗೋಡೆಯ ಮೇಲೆ ತಾನಾಗಿ ಬಂದು ಕೂತಿತ್ತು. ಕಿಟಕಿ ತೆರೆದಿದ್ದರೆ ಆ ಬೆಳಕಿನಲ್ಲಿ ಇದೇನೂ ಕಾಣುತ್ತಿರಲಿಲ್ಲ. ಗ್ರಹಣ ಒಳಗೆ ಬಾರದಿರಲೆಂದು ಅತ್ತೆ ಸಂದಿಸಂದಿಗೆ ಸೀರೆ ತುರುಕಿದ್ದರಿಂದಲೇ ಕೋಣೆ ಕತ್ತಲಾಗಿ, ಒಂದೇ ತೂತು ಉಳಿದು, ಗ್ರಹಣ ಹಿಡಿದ ಸೂರ್ಯನ ಚಿತ್ರ ಸೀದಾ ಬಸುರಿಯ ಮಗ್ಗುಲಿಗೆ ಬಂದಿತ್ತು.

"ಇದು ಸೂರ್ಯಾನ ಏನವಾ?" ಮಗಳು ಕೇಳಿದಳು.

"ಹೂಂ. ಸೂರ್ಯಾನ ಚಿತ್ರ. ಚಂದ್ರ ಅಡ್ಡ ಬಂದಾನ, ಅವನ ನೆರಳು ನಮ್ಮ ಮ್ಯಾಲ ಬಿದ್ದೈತಿ. ಈ ಕಚ್ಚು ಐತಲ್ಲ, ಅದು ಚಂದ್ರನ ಅಂಚು," ಎಂದು ಪಿಸುಗುಟ್ಟಿದೆ. ಚಿತ್ರ ತಲೆಕೆಳಗಾಗಿರುತ್ತದೆ ಎಂದೂ ಹೇಳಿದೆ. ಸೂರ್ಯನ ಮೇಲಿನ ಅಂಚಿನಿಂದ ಹೊರಟ ಎಳೆ ತೂತಿನಲ್ಲಿ ತೂರಿ ಕೆಳಕ್ಕೆ ಹೋಗುತ್ತದೆ, ಕೆಳಗಿನ ಅಂಚಿನ ಎಳೆ ಮೇಲಕ್ಕೆ ಹೋಗುತ್ತದೆ, ಸೀದಾ ಹೋಗುವುದು ಬಿಟ್ಟು ಬೇರೆ ಗೊತ್ತಿಲ್ಲದ್ದಕ್ಕೆ ಅವು ತೂತಿನಲ್ಲಿ ಒಂದನ್ನೊಂದು ದಾಟಲೇಬೇಕು. ಮಗ್ಗದವರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಎಳೆ ದಾಟುವುದನ್ನು ಹೆಚ್ಚು ಹೇಳಬೇಕಾಗಲಿಲ್ಲ.

ಅವಳು ಮಲಗಿದಲ್ಲಿಂದಲೇ ಬಲಗೈ ಎತ್ತಿದಳು. ಬೆಳಕು ಗೋಡೆಯಿಂದ ಮಾಯವಾಗಿ ಅವಳ ಅಂಗೈಯಲ್ಲಿ ಬಂದು ಕೂತಿತು. ಕಚ್ಚು ಬಿದ್ದ ಕೆಂಪು ಸೂರ್ಯ, ಬಳೆಗಿಂತ ಒಂದಿಷ್ಟು ಮೇಲೆ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಬಸುರಿನ ಸಂಕಟದಲ್ಲಿ ತಿಂಗಳುಗಳಿಂದ ನಗದಿದ್ದವಳು ನಕ್ಕದ್ದು ನೋಡಿ ನನಗೂ ನಗು ಬಂತು. ಅಷ್ಟರಲ್ಲಿ ಅತ್ತೆ ಪಡಸಾಲೆಯಿಂದ ಕರೆದರು. "ಅಜ್ಜಿಗೆ ಹೇಳಬ್ಯಾಡ ಮತ್ತ," ಎಂದು ಹೊರಗೆ ಬಂದೆ. ಒನಕೆ ಇನ್ನೂ ನಿಂತಿತ್ತು.

ಅದರಲ್ಲಿ ನಾನು ಏನೂ ತಪ್ಪು ಮಾಡಲಿಲ್ಲ. ಇವತ್ತಿಗೂ ಅದನ್ನೇ ಹೇಳುತ್ತೇನೆ, ಯಾರು ಕೇಳಿದರೂ.

ಹೆರಿಗೆ ಚಳಿಗಾಲದಲ್ಲಿ ಆಯಿತು. ಹೆಣ್ಣು ಕೂಸು. ಮೇಲ್ದುಟಿಯ ಒಂದು ಪಕ್ಕ ಸಣ್ಣದಾಗಿ ಸೀಳಿತ್ತು. ಸ್ಕ್ಯಾನಿಂಗಿನಲ್ಲಿ ಕಂಡಿರಲಿಲ್ಲ, ಕೂಸು ಕೈಯನ್ನು ಮುಖಕ್ಕೆ ಅಡ್ಡ ಇಟ್ಟುಕೊಂಡೇ ಇತ್ತಂತೆ. ದವಾಖಾನೆಯ ನರ್ಸು ಒಳ್ಳೆಯ ಹೆಂಗಸು. ಕೂಸನ್ನು ಒರೆಸಿ ಸುತ್ತಿ ತಂದು, ತೆಲುಗಿನಲ್ಲಿ, "ಗ್ರಹಣಂ ಮೊರ್ರಿ ಅಮ್ಮಾ, ಭಯಪಡಕಂಡಿ, ಕುಟ್ಟೇಸ್ತಾರು," ಎಂದಳು. ಹೆದರಬೇಡಿ, ಹೊಲಿಯುತ್ತಾರೆ ಎಂದು ಧೈರ್ಯ ಹೇಳಿದ್ದು ಅವಳು. ಸೀಳುತುಟಿಗೆ ತೆಲುಗಿನಲ್ಲಿ ಇರುವ ಹೆಸರೇ ಅದು. ಗ್ರಹಣ ಕಚ್ಚಿದ್ದು ಎಂದು ಊರಿಗೆ ಊರೇ ಹೆಸರಿಟ್ಟುಬಿಟ್ಟಿದೆ. ಮಗಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಮನೆಗೆ ಬಂದ ಮೇಲೆ ಅತ್ತೆ ಒಂದೊಂದಾಗಿ ಕೇಳಿದರು. "ಕತ್ತರಿ ಹಿಡದಿದ್ದೇನು? ಏನಾರ ಹರದಿದ್ದೇನು? ಮಗ್ಗಲಾಗಿದ್ದೇನು?" ಮಗಳು ಎಲ್ಲಕ್ಕೂ ಇಲ್ಲ ಎಂದಳು. ಅತ್ತೆ ಮುಖ ಸಣ್ಣದು ಮಾಡಿಕೊಂಡು, "ಹಂಗಾರ ನಾನ ಎಲ್ಲೋ ಸಂದಿ ಬಿಟ್ಟೇನೇನೋ," ಎಂದರು. ಆ ಮುದುಕಿ ತನ್ನ ಮೇಲೇ ಹಾಕಿಕೊಂಡದ್ದು ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದೆಲ್ಲ ಅವರೇ.

ಕೂಸು ಮಲಗಿದ ಹೊತ್ತಿನಲ್ಲೊಮ್ಮೆ ನಾವಿಬ್ಬರೇ ಇದ್ದಾಗ ಮಗಳು ಹೇಳಿದಳು. "ಅವ್ವಾ, ಅವತ್ತು ನೀ ಹೊರಗ ಹೋದ ಮ್ಯಾಲ ಆ ಕೈನ ಹೊಟ್ಟಿ ಮ್ಯಾಲ ಇಟ್ಕೊಂಡೆ. ಕೂಸಿಗೆ ಸೂರ್ಯಾನ್ನ ತೋರಸೋಣಂತ. ನೋಡು ಅಂದೆ ಅದಕ್ಕ." ಕೂಸಿನ ಕಡೆ ತಿರುಗಿ, "ಆ ಸೂರ್ಯಾ ಹೆಂಗಿತ್ತೋ ಇದರ ತುಟಿ ಹಂಗ ಐತಿ," ಎಂದಳು.

ನಾನು ಏನು ಹೇಳಲಿಲ್ಲ? ಎಲ್ಲವನ್ನೂ ಹೇಳಿದೆ. ಬೆಳಕು ಕೈಯಲ್ಲಿ ಉಳಿಯುವುದಿಲ್ಲ ಎಂದೆ. ಗ್ರಹಣದ ಬೆಳಕೂ ದಿನದ ಬೆಳಕೇ, ಒಂದಿಷ್ಟು ಕಡಿಮೆ, ಅಷ್ಟೇ ಎಂದೆ. ರಾಯಚೂರಿಗೆ ಕರೆದೊಯ್ದಾಗ ಅಲ್ಲಿನ ಡಾಕ್ಟರಮ್ಮ ಕೂಸಿನ ಬಾಯಿಯೊಳಗೆ ಬೆರಳಿಟ್ಟು ನೋಡಿ, ಅಂಗುಳ ಚೆನ್ನಾಗಿದೆ, ತುಟಿಯೊಂದೇ, ಕೆಲವು ತಿಂಗಳಾದ ಮೇಲೆ ಹೊಲಿದರೆ ಗೆರೆಯಷ್ಟೇ ಉಳಿಯುತ್ತದೆ ಎಂದರು. ನಾನೇ ಬಾಯಿ ಬಿಟ್ಟು ಗ್ರಹಣದ ಮಾತು ಕೇಳಿದೆ, ಮಗಳ ಕಿವಿಗೆ ಬೀಳಲೆಂದು. ಡಾಕ್ಟರಮ್ಮ ನಕ್ಕು, "ತುಟಿ ಕೂಡೋದು ಮೂರನೇ ತಿಂಗಳು ತುಂಬೋದರೊಳಗ ಆಗಿಹೋಗತೈತ್ರಿ. ನಿಮ್ಮ ಗ್ರಹಣ ಬಂದಾಗ ಎಷ್ಟು ತಿಂಗಳಿತ್ತು?" ಎಂದರು. ಏಳು ತುಂಬಿತ್ತು. ಗ್ರಹಣಕ್ಕಿಂತ ಬಹಳ ಮೊದಲೇ ಆ ತುಟಿ ಹಾಗೇ ಇತ್ತು. ಮಗಳು ತಲೆಯಾಡಿಸಿದಳು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಲ್ಲಿ ನೋಡುತ್ತ ಕೂತಳು. ಮನೆಗೆ ಬಂದವಳೇ ಕೈಚೀಲ ಇಳಿಸದೆ ಹೋಗಿ ಹಿತ್ತಲ ಬಾಗಿಲ ತೂತಿಗೆ ಅರಳೆ ತುರುಕಿದಳು.

ಹೊಲಿಗೆ ಆಯಿತು. ತುಟಿ ಕೂಡಿತು. ಮೂಗಿನಿಂದ ಕೆಳಕ್ಕೆ ಒಂದು ಸಣ್ಣ ಬಿಳಿ ಗೆರೆ ಉಳಿಯಿತು, ನಕ್ಕಾಗ ಅದು ಒಂದಿಷ್ಟು ಓರೆಯಾಗುತ್ತದೆ. ನನಗಂತೂ ಅದು ಚಂದವೇ. ಗಾಯ ಹಸಿಯಿದ್ದಾಗ ಚಮಚದಿಂದಲೇ ಉಣಿಸಿ ಎಂದು ದವಾಖಾನೆಯವರು ಹೇಳಿದ್ದರು. ಗಾಯ ಮಾಗಿತು, ಕೂಸು ನಡೆಯಿತು, ಮಾತು ಕಲಿಯಿತು, ಚಮಚ ಮಾತ್ರ ಹೋಗಲಿಲ್ಲ. ನಮ್ಮಲ್ಲಿ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ, ಕೈಯಲ್ಲಿ ಕಿವುಚಿ, ಬೆರಳಿನಿಂದ ಬಾಯಿಗಿಡುವುದು. ಅತ್ತೆ ಪ್ರತಿಸಲ, "ಕೈಲೆ ಉಣಿಸಿದ್ರ ಮೈಗೆ ಹತ್ತತೈತವಾ," ಎನ್ನುತ್ತಿದ್ದರು. ಮಗಳು ಕೇಳದವಳಂತೆ ಚಮಚ ತೊಳೆಯುತ್ತಿದ್ದಳು.

ನಾನೂ ತಡವಾಗಿಯೇ ಗಮನಿಸಿದೆ. ಅವಳು ಮಗುವಿನ ಮುಖ ಒರೆಸುವುದು ಎಡಗೈಯಿಂದ. ಸಿಂಬಳ ತೆಗೆಯುವುದು ಎಡಗೈಯಿಂದ. ಮಗು ಬಿದ್ದು ತುಟಿ ಒಡೆದುಕೊಂಡು ಅತ್ತಾಗಲೂ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಎಡಗೈಯಿಂದಲೇ ಎತ್ತಿದಳು. ಆ ಬಲಗೈ ರೊಟ್ಟಿ ಬಡಿಯುತ್ತದೆ, ಅರಿವೆ ಒಗೆಯುತ್ತದೆ, ಹೆತ್ತ ಮಗಳ ಬಾಯಿಗೆ ಮಾತ್ರ ಹೋಗುವುದಿಲ್ಲ. ಕೇಳಿದರೆ, "ಏನಿಲ್ಲವಾ, ರೂಢಿ ಬಿದ್ದೈತಿ," ಎಂದಳು.

ಬೈದೆ, ತಿಳಿಹೇಳಿದೆ, ಮತ್ತೆ ಬೈದೆ. ಗದ್ವಾಲದಿಂದ ಬಂದಾಗಲೆಲ್ಲ ಇದೇ. ಪಾಠ ಹೇಳುವವರ ಮನೆಯ ಮಕ್ಕಳಿಗೆ ಪಾಠದ ದನಿ ಕೇಳಿದರೆ ಕಿವಿ ಮುಚ್ಚಿಹೋಗುತ್ತದೆ. ಕೊನೆಗೆ ನನಗೇ ಸಾಕಾಯಿತು. ಬಂದು ನಾಲ್ಕು ದಿನ ಇದ್ದು ಹೋಗಲಿ, ಉಂಡು ಉಟ್ಟು ಇರಲಿ ಎಂದು ಬಾಯಿ ಮುಚ್ಚಿಕೊಂಡೆ.

ಕಳೆದ ಬೇಸಿಗೆ ರಜೆಯಲ್ಲಿ ಬಂದಿದ್ದಳು. ಮಗುವಿಗೆ ಮೂರು ದಾಟಿದೆ. ಅವತ್ತು ಮಧ್ಯಾಹ್ನ ಕರೆಂಟು ಹೋಗಿತ್ತು. ಹೊರಗೆ ಕಾದ ಹೆಂಚಿನಂಥ ಬಿಸಿಲು. ತಣ್ಣಗಿರುವುದು ಮಗ್ಗದ ಕೋಣೆಯೊಂದೇ. ಕಿಟಕಿ ಬಾಗಿಲು ಹಾಕಿಕೊಂಡು ಮೂವರೂ ನೆಲದ ಮೇಲೆ ಚಾಪೆ ಹಾಸಿ ಬಿದ್ದುಕೊಂಡಿದ್ದೆವು. ಮಗಳಿಗೆ ಜೊಂಪು ಹತ್ತಿತ್ತು. ಮಗು ಮಲಗಲೊಲ್ಲದು. ಕತ್ತಲೆ ಎಂದು ರಗಳೆ, ಸೆಕೆ ಎಂದು ರಗಳೆ, ಕಥೆ ಹೇಳು ಎಂದು ನನ್ನ ಹೊಟ್ಟೆಯ ಮೇಲೆ ಹತ್ತಿ ಕೂತಿತು. ನನ್ನಲ್ಲಿ ಒಂದು ಕಥೆಗೂ ತ್ರಾಣ ಇರಲಿಲ್ಲ. ಎದ್ದು ಹೋಗಿ ಬಾಗಿಲ ತೂತಿನ ಅರಳೆಯನ್ನು ಕಿತ್ತು ಎಸೆದು ಬಂದು ಬಿದ್ದುಕೊಂಡೆ. ಇದರಲ್ಲಿ ಉಪಾಯ ಗಿಪಾಯ ಏನೂ ಇರಲಿಲ್ಲ. ಮಗು ಆಡಿಕೊಳ್ಳಲಿ, ನಾನೊಂದು ಗಳಿಗೆ ಕಣ್ಣು ಮುಚ್ಚುತ್ತೇನೆ ಎಂದಷ್ಟೇ.

ಬೆಳಕು ಓರೆಯಾಗಿ ಇಳಿದು ಚಾಪೆಯ ಮೇಲೆ ಬಿತ್ತು, ಬೇವಿನ ಹಣ್ಣಿನ ಆಕಾರದಲ್ಲಿ. ಮಗು ಸುಮ್ಮನಾಯಿತು. ಮೊದಲು ಕಾಲಿನಿಂದ ತುಳಿಯಿತು. ಬೆಳಕು ಪಾದದ ಮೇಲೆ ಹತ್ತಿತು. ಕೂತು ಅಂಗೈ ಹಿಡಿಯಿತು. ಬೆಳಕು ಅಂಗೈಗೆ ಬಂತು. ಗಬಕ್ಕನೆ ಮುಷ್ಟಿ ಕಟ್ಟಿ ಬಾಯಿಗೆ ಒಯ್ದು, ಕಚಕಚ ಅಗಿದು, ಕೈ ಬಿಚ್ಚಿ ನನಗೆ ತೋರಿಸಿತು.

"ಖಾಲಿ," ಎಂದಿತು. "ನುಂಗಿದೆ."

"ಅಲ್ಲೇ ಐತಿ ನೋಡು," ಎಂದೆ ಕಣ್ಣು ಅರೆಮುಚ್ಚಿ.

ಚಾಪೆಯ ಮೇಲೆ ಬೆಳಕು ಹಾಗೇ ಇತ್ತು. ಮಗು ಮತ್ತೆ ಹಿಡಿಯಿತು, ಮತ್ತೆ ನುಂಗಿತು. ಬಿಳಿ ಗೆರೆಯ ತುಟಿ ಚಪ್ಪರಿಸಿತು. ನಾನು ಆ ಕಡೆ ನೋಡಿದೆ. ಮಗಳು ಎದ್ದು ಕೂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಗೊತ್ತಿಲ್ಲ. ಬಲಗೈ ಸೆರಗಿನೊಳಗೆ ಹೋಗಿತ್ತು. ನನ್ನ ನಿದ್ದೆ ಹಾರಿಹೋಯಿತು. ಈಗ ಮಗುವನ್ನು ಎಳೆದುಕೊಳ್ಳುತ್ತಾಳೆ, ಅಳುತ್ತಾಳೆ, ನಾಳೆ ಬೆಳಗಿನ ಬಸ್ಸಿಗೆ ಗದ್ವಾಲಕ್ಕೆ ಹೊರಡುತ್ತಾಳೆ ಎಂದುಕೊಂಡು ಮೈ ಹಿಡಿ ಮಾಡಿ ಮಲಗಿದೆ.

ಮಗುವಿಗೆ ಇದೇನು ಗೊತ್ತು? "ನೀನೂ ಹಿಡಿ," ಎಂದು ತಾಯಿಯ ಕೈ ಎಳೆಯಿತು. ಮಗಳು ಎಡಗೈ ಕೊಟ್ಟಳು. "ಅದಲ್ಲ, ಉಣ್ಣೋ ಕೈ," ಎಂದಿತು ಮಗು. ಸೆರಗಿನೊಳಗಿದ್ದ ಬಲಗೈಯನ್ನು ಎರಡೂ ಕೈಯಿಂದ ಎಳೆದು, ಅಂಗೈ ಬಿಡಿಸಿ ಬೆಳಕಿಗೆ ಹಿಡಿಯಿತು. ಅದರಲ್ಲಿ ಸೂರ್ಯ ಬಂದು ಕೂತಿತು. ಪೂರಾ ಸೂರ್ಯ, ಎಲ್ಲೂ ಕಚ್ಚಿಲ್ಲದ್ದು. ಮಗು ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿಸಿ, ಆ ಮುಷ್ಟಿಯನ್ನು ತನ್ನ ಬಾಯಿಗೆ ಎಳೆದುಕೊಂಡಿತು.

ಅವಳು ಬಿಡಿಸಿಕೊಳ್ಳಲಿಲ್ಲ. ಮಗುವಿನ ತುಟಿ ಅವಳ ಬೆರಳಿಗೆ ತಾಗಿತು. ಮಗು ಮುಷ್ಟಿ ಬಿಚ್ಚಿ ಒಳಗೆ ಇಣುಕಿ, "ಖಾಲಿ ಐತವಾ. ಏನೂ ಇಲ್ಲ," ಎಂದು ನಕ್ಕಿತು.

ಮಗಳು ತನ್ನ ಅಂಗೈಯನ್ನೇ ನೋಡಿಕೊಂಡು ಕೂತಳು. ಆಮೇಲೆ ಹೆಬ್ಬೆರಳಿನಿಂದ ಮಗುವಿನ ತುಟಿಯ ಗೆರೆಯನ್ನು ಮುಟ್ಟಿದಳು. ಮೇಲಿನಿಂದ ಕೆಳಕ್ಕೆ, ನಿಧಾನಕ್ಕೆ, ಕುರುಡರು ತಡವುವ ಹಾಗೆ. ಮೂರು ವರ್ಷದಲ್ಲಿ ಅದು ಮೊದಲ ಸಲ. ಗೋಡೆಯ ಕಡೆ ಹೊರಳಿ ಕಣ್ಣೊರೆಸಿಕೊಂಡೆ. ನಾನು ಇಷ್ಟು ವರ್ಷ ಒದರಿದ್ದನ್ನು ಒಂದು ಕೂಸು ಆಟದಲ್ಲಿ ಹೇಳಿ ಮುಗಿಸಿತ್ತು.

"ಅವ್ವಾ," ಎಂದಳು ಹಿಂದಿನಿಂದ. "ಮಲಗಿದ್ದೇನು?"

"ಇಲ್ಲ."

"ಕೈಯಾಗ ಉಳಿಯಂಗಿಲ್ಲ ಹೌದಿಲ್ಲ ಅದು?"

ನನ್ನ ಹತ್ತಿರ ಅದಕ್ಕೆ ದೊಡ್ಡ ಪಾಠವೇ ಇತ್ತು. ಹೇಳಲು ಹೋಗಲಿಲ್ಲ. "ಉಳಿಯಂಗಿಲ್ಲ ಮಗಾ," ಎಂದೆ.

ಸಂಜೆ ಅತ್ತೆ ಪಡಸಾಲೆಯಲ್ಲಿ ಕೂತು ಎಂದಿನಂತೆ, "ಕೂಸಿಗೆ ಕೈಲೆ ಉಣಸ್ರವಾ," ಎಂದರು. ಈಗ ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಮಗಳು ಬಟ್ಟಲಿಗೆ ರೊಟ್ಟಿ ಮುರಿದು ಹಾಕಿ ಹಾಲು ಸುರಿದಳು. ನಾನು ರೂಢಿಯಂತೆ ಚಮಚ ತಂದು ಪಕ್ಕದಲ್ಲಿಟ್ಟೆ. ಅವಳು ಅದನ್ನು ಅತ್ತ ಸರಿಸಿ, ಬಳೆ ಹಿಂದೆ ಏರಿಸಿಕೊಂಡು, ಬಲಗೈಯನ್ನು ಹಾಲಿಗಿಳಿಸಿ ರೊಟ್ಟಿ ಕಿವುಚತೊಡಗಿದಳು.